ಮನೆ ಕಟ್ಟಿದವರು, ಕಥೆ ಕಟ್ಟಿದವರು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುವ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಜಾಗದ ಕಾಗದಪತ್ರ, ಬ್ಯಾಂಕಿನ ಸಾಲ, ಕೈಕೊಡುವ ಮೇಸ್ತ್ರಿ, ಎರಡು ವರ್ಷವಾದರೂ ಮುಗಿಯದ ಗಾರೆ ಕೆಲಸ, ಇಷ್ಟೆಲ್ಲ ಕಂಡವರ ನಿಟ್ಟುಸಿರು ಅದರಲ್ಲಿದೆ. ಆದರೆ ಇಡೀ ಮನೆಯೊಂದನ್ನು ನಾಲ್ಕೈದು ದಿನದಲ್ಲಿ ಕಟ್ಟಿ, ಬೀಗದ ಕೈ ಕೊಟ್ಟು, ಗಡಿ ದಾಟಿ ತಮ್ಮ ದೇಶಕ್ಕೆ ಮರಳಿ, ಆ ಅನುಭವವನ್ನು ಬರೆಯುವವರ ದೊಡ್ಡ ಬಳಗವೇ ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾ, ಅರಿಜೋನಾ, ಟೆಕ್ಸಾಸ್ ಕಡೆಯ ಚರ್ಚುಗಳ ಹುಡುಗ ಹುಡುಗಿಯರು ರಜೆಯಲ್ಲಿ ವ್ಯಾನು ಹತ್ತಿ ಹೊರಟು, ಮೆಕ್ಸಿಕೋದ ತಿಹುವಾನಾ, ಎನ್ಸೆನಾಡಾ, ಸಿಯುದಾದ್ ಹುವಾರೆಸ್ ಊರುಗಳ ಅಂಚಿನಲ್ಲಿ ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಡುತ್ತಾರೆ. ಇದು 'ಮಿಷನ್ ಟ್ರಿಪ್'. ಹಿಂದಿರುಗಿದ ಮೇಲೆ ಸಭೆಯ ಮುಂದೆ ನಿಂತು ಹೇಳುವ ಅನುಭವದ ಮಾತಿಗೆ ನಮ್ಮ ಕಡೆಯ ಕ್ರೈಸ್ತರ ಕನ್ನಡದಲ್ಲೂ ಒಂದು ಪದವಿದೆ: ಸಾಕ್ಷಿ.

ಈ ಸಾಕ್ಷಿಗಳನ್ನು ನಾನು ಒಂದು ಸಾಹಿತ್ಯ ಪ್ರಕಾರವೆಂದೇ ಓದಿದ್ದೇನೆ. ನಮ್ಮ ಪ್ರವಾಸ ಕಥನಗಳಿಗೆ ಇರುವ ಹಾಗೆ ಇದಕ್ಕೂ ಒಂದು ಅಚ್ಚು ಇದೆ. ಮೊದಲು ಮನೆಯವರ ಭಯ, ಹುಡುಗರ ಉತ್ಸಾಹ. ಆಮೇಲೆ ಗಡಿಯ ಗೇಟು, ಅದನ್ನು ದಾಟಿದ ಕೂಡಲೇ ಬದಲಾಗುವ ರಸ್ತೆ, ಧೂಳು, ನಾಯಿಗಳು. ನಂತರ ಕೆಲಸ: ಸಲಿಕೆಯಲ್ಲಿ ಕಾಂಕ್ರೀಟು ಕಲಸಿ ನೆಲ ಹಾಕುವುದು, ಮರದ ಚೌಕಟ್ಟು ನಿಲ್ಲಿಸುವುದು, ಡಾಂಬರು ಕಾಗದ ಸುತ್ತುವುದು, ಅದರ ಮೇಲೆ ಕೋಳಿಗೂಡಿನ ತಂತಿಜಾಲರಿ ಬಿಗಿದು ಸಿಮೆಂಟಿನ ಗಿಲಾವು ಮಾಡುವುದು. ಬೊಬ್ಬೆ ಎದ್ದ ಅಂಗೈ. ಹೆಗಲೇರಿ ಕೂತ ಒಂದು ಮಗು. ಕೊನೆಯ ದಿನ ಕೀಲಿಕೈ ಹಸ್ತಾಂತರ, ಎಲ್ಲರ ಕಣ್ಣಲ್ಲಿ ನೀರು. ಕೊಡಲು ಹೋದ ನಾವೇ ಪಡೆದುಕೊಂಡು ಬಂದೆವು ಎಂಬ ಅರಿವಿನೊಂದಿಗೆ ಮುಕ್ತಾಯ.

ಈ ಅರಿವು ಸುಳ್ಳೆಂದು ನಾನು ಹೇಳಲಾರೆ. ಆದರೆ ವಾಕ್ಯಗಳನ್ನು ಬಿಡಿಸಿ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಕಟ್ಟಿದೆವು, ಹೊತ್ತೆವು, ದಣಿದೆವು, ಅತ್ತೆವು, ಬದಲಾದೆವು ಎಂದು ಕ್ರಿಯಾಪದಗಳೆಲ್ಲ ಬಂದವರ ಪಾಲಿಗೆ. ಮನೆ ಪಡೆದವರ ಪಾಲಿಗೆ ಬರುವುದು ಮೂರು: ನಕ್ಕರು, ಅತ್ತರು, ಕೃತಜ್ಞತೆ ಹೇಳಿದರು. ಆ ಕುಟುಂಬ ತಿಹುವಾನಾಕ್ಕೆ ಎಲ್ಲಿಂದ ಬಂತು? ಸಿನಲೋವಾದಿಂದಲೋ, ದೂರದ ಓಹಾಕಾದಿಂದಲೋ? ಜೋಡಣೆ ಕಾರ್ಖಾನೆಯಲ್ಲಿ ದುಡಿಯುವುದು ಗಂಡನೋ ಹೆಂಡತಿಯೋ? ಜಾಗದ ಕಂತು ಎಷ್ಟು ಬಾಕಿ ಇದೆ? ಬರೆದವರು ಕೇಳಿರುವುದಿಲ್ಲ. ಕೇಳಲು ಹೆಚ್ಚಿನವರಿಗೆ ಸ್ಪ್ಯಾನಿಷ್ ಬರುವುದಿಲ್ಲ. ಭಾಷೆ ಬಾರದವನಿಗೆ ಎದುರಿನ ಮನುಷ್ಯನಲ್ಲಿ ಓದಲು ಸಿಗುವುದು ನಗು ಮತ್ತು ಅಳು ಮಾತ್ರ. ಹೊಸ ಊರಿಗೆ ಹೋಗಿ ಮೊದಲ ಆರು ತಿಂಗಳು ತಲೆಯಾಡಿಸಿ ನಕ್ಕು ದಿನ ದೂಡಿದ ನಮ್ಮಂಥ ವಲಸಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಬಗೆಯ ಪ್ರವಾಸದ ಮೇಲೆ ಬಂದ ಅತ್ಯಂತ ಕಟುವಾದ ವಿಮರ್ಶೆ ಚರ್ಚಿನ ಒಳಗಿನಿಂದಲೇ ಬಂತು. 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ಕ್ಯಾಥೊಲಿಕ್ ಪಾದ್ರಿಯಾದ ಇವಾನ್ ಇಲಿಚ್, ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಒಂದು ಕೇಂದ್ರ ನಡೆಸುತ್ತಿದ್ದರು. ಉತ್ತರದಿಂದ ಬರುವ ಮಿಷನರಿಗಳಿಗೆ ಅಲ್ಲಿ ಸ್ಪ್ಯಾನಿಷ್ ಕಲಿಸಲಾಗುತ್ತಿತ್ತು. 1968ರ ಏಪ್ರಿಲ್‌ನಲ್ಲಿ, ಬೇಸಿಗೆ ಸೇವೆಗೆ ಮೆಕ್ಸಿಕೋಕ್ಕೆ ಹೊರಟಿದ್ದ ವಿದ್ಯಾರ್ಥಿಗಳ ಮುಂದೆ ಅವರು ಮಾಡಿದ ಭಾಷಣದ ಶೀರ್ಷಿಕೆಯನ್ನು ಕನ್ನಡದಲ್ಲಿ 'ಸದುದ್ದೇಶಗಳು ಹಾಳಾಗಿ ಹೋಗಲಿ' ಎನ್ನಬಹುದು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ವಾದದ ಸಾರ. ಸೇವೆ ಮಾಡಲೇಬೇಕಿದ್ದರೆ, ನಿಮ್ಮನ್ನು ಮುಖಕ್ಕೆ ಹೊಡೆದಂತೆ ಬೈದು ಕಳಿಸಬಲ್ಲ ಬಡವರ ನಡುವೆ ಮಾಡಿ ಎಂದು ಅವರು ಕೇಳಿಕೊಂಡರು. ನಿಮ್ಮ ಮಾತು ಅವರಿಗೆ, ಅವರ ಮಾತು ನಿಮಗೆ ಅರ್ಥವಾಗಬೇಕು. 'ನೀನು ಬೇಡ' ಎನ್ನುವ ಅಧಿಕಾರ ಅವರ ಬಳಿ ಇರಬೇಕು.

ಅರ್ಧ ಶತಮಾನ ದಾಟಿದರೂ ಈ ಭಾಷಣದ ಖಾರ ಇಳಿದಿಲ್ಲ. ಆದರೂ ಎರಡು ಮೂರು ಸಲ ಓದಿದ ಮೇಲೆ ನನಗೊಂದು ಕೊರತೆ ಕಾಣುತ್ತದೆ. ಇಲಿಚ್ ಮಾತಾಡುತ್ತಿರುವುದು ಅಮೆರಿಕನ್ನರ ಜೊತೆ, ಅಮೆರಿಕನ್ನರ ಬಗ್ಗೆ. ಅವರ ಅಹಂಕಾರ, ಅವರ ಆತ್ಮವಂಚನೆ, ಅವರ ಡಾಲರು. ಮೆಕ್ಸಿಕೋದ ಹಳ್ಳಿಯವನು ಅಲ್ಲಿಯೂ ಮಾತಾಡುವುದಿಲ್ಲ. ಸಾಕ್ಷಿಯಲ್ಲಿ ಅವನು ಕೃತಜ್ಞ, ಭಾಷಣದಲ್ಲಿ ಅವನು ಬಲಿಪಶು. ಎರಡರಲ್ಲೂ ಅವನಿಗೆ ಸಂಭಾಷಣೆಯಿಲ್ಲ. ಇನ್ನೊಂದು ತಕರಾರೂ ಇದೆ. ಗುಡ್ಡದ ಇಳಿಜಾರಿನಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಳೆಗಾಲ ಕಳೆದ ತಾಯಿಗೆ ಸೋರದ ಮಾಡು ಸಿಕ್ಕರೆ ಅದು ಸಣ್ಣ ಮಾತಲ್ಲ. ಕಟ್ಟಿದವರ ಮನಸ್ಸು ಶುದ್ಧವಿತ್ತೋ ಇಲ್ಲವೋ ಎಂದು ಮಳೆ ವಿಚಾರಿಸುವುದಿಲ್ಲ. ಒಳ್ಳೆಯ ವಿಮರ್ಶೆ ಈ ಮಾಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗೆ ಲೆಕ್ಕ ಹಾಕಿದವರೂ ಇದ್ದಾರೆ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ಹಾಳುಗೆಡವಿದಾಗ ಉತ್ತರ ಅಮೆರಿಕದ ಚರ್ಚುಗಳ ತಂಡಗಳು ಅಲ್ಲಿಗೂ ಹೋಗಿ ಮನೆ ಕಟ್ಟಿದವು. ಸ್ಥಳೀಯ ಕ್ರೈಸ್ತ ಸಂಸ್ಥೆಗಳೂ ಕಟ್ಟಿದವು. ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಎರಡೂ ಬಗೆಯ ಮನೆಗಳ ಕುಟುಂಬಗಳನ್ನು ಮಾತಾಡಿಸಿ, ಬಂದುಹೋದ ಸ್ವಯಂಸೇವಕರನ್ನೂ ವಿಚಾರಿಸಿ, 2006ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಮನೆಯನ್ನು ಪರದೇಶದವರು ಕಟ್ಟಿದರೋ ಊರಿನವರು ಕಟ್ಟಿದರೋ ಎಂಬುದರಿಂದ ಆ ಕುಟುಂಬಗಳ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಸ್ವಯಂಸೇವಕರ ಬದುಕಿನಲ್ಲೂ ಉಳಿದುಬಂದ ಬದಲಾವಣೆ ಅತ್ಯಲ್ಪ. 'ನಾವೇ ಬದಲಾಗಿ ಬಂದೆವು' ಎಂಬ ಮುಕ್ತಾಯದ ವಾಕ್ಯಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ.

ಮನೆ ಪಡೆಯುವವನಿಗೆ ಮಾತು ಕೊಟ್ಟ ಬರಹ ಇದೆಯೇ ಎಂದು ಹುಡುಕಿದರೆ ಲೂಯಿಸ್ ಆಲ್ಬರ್ಟೊ ಉರ್ರೇಯಾರ 'ಅಕ್ರಾಸ್ ದ ವೈರ್' ಕೈಗೆ ಬರುತ್ತದೆ. 1993ರಲ್ಲಿ ಬಂದ ಪುಸ್ತಕ. ಉರ್ರೇಯಾ ತಿಹುವಾನಾದಲ್ಲಿ 1955ರಲ್ಲಿ ಹುಟ್ಟಿದವರು. ತಂದೆ ಮೆಕ್ಸಿಕೋದವರು, ತಾಯಿ ಅಮೆರಿಕದವರು. ಬೆಳೆದದ್ದು ಗಡಿಯ ಆಚೆ, ಸ್ಯಾನ್ ಡಿಯೇಗೋದಲ್ಲಿ. 1970ರ ದಶಕದ ಕೊನೆಯಿಂದ ಕೆಲವು ವರ್ಷ ಅವರು ಅಲ್ಲಿನ ಪಾದ್ರಿಯೊಬ್ಬರ ತಂಡದೊಂದಿಗೆ ತಿಹುವಾನಾದ ಅನಾಥಾಲಯಗಳಿಗೆ, ಕಸದ ಗುಡ್ಡಗಳಿಗೆ ಹೋಗುತ್ತಿದ್ದರು. ಕಸದ ಗುಡ್ಡಕ್ಕೆ ಅಲ್ಲಿಯ ಜನ 'ದೊಂಪೆ' ಎನ್ನುತ್ತಾರೆ. ಇಂಗ್ಲಿಷಿನ 'ಡಂಪ್' ಸ್ಪ್ಯಾನಿಷ್ ನಾಲಿಗೆಯಲ್ಲಿ ಪಡೆದ ರೂಪ ಅದು, ನಮ್ಮಲ್ಲಿ 'ಹಾಸ್ಪಿಟಲ್' ಆಸ್ಪತ್ರೆಯಾದ ಹಾಗೆ.

ಆ ತಂಡದಲ್ಲಿ ಉರ್ರೇಯಾರ ಒಂದು ಕೆಲಸ ಅನುವಾದ. ಪುಸ್ತಕದ ಗುಣ ಇರುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಅನುವಾದಕ ಎರಡೂ ಕಡೆಯವರ ಮಾತನ್ನು ತನ್ನ ಬಾಯಲ್ಲಿ ಹಾಯಿಸಬೇಕು. ಬಂದವರ ಸದುದ್ದೇಶವನ್ನು ಅವರಿಗೆ ಹೇಳಬೇಕು, ಅವರ ಗೊಣಗಾಟವನ್ನು ಇವರಿಗೆ ಹೇಳಬೇಕು. ಹಾಗಾಗಿ ಈ ಪುಸ್ತಕದ ಬಡವರು ನಗುವುದು, ಅಳುವುದರ ಜೊತೆಗೆ ಚೌಕಾಸಿ ಮಾಡುತ್ತಾರೆ, ಸುಳ್ಳು ಹೇಳುತ್ತಾರೆ, ಜಗಳ ಕಾಯುತ್ತಾರೆ, ತಮಾಷೆ ಮಾಡುತ್ತಾರೆ. ಕಸ ಆಯುವ ನೆಗ್ರಾ ಎಂಬ ಹುಡುಗಿ ಬರುತ್ತಾಳೆ. ಸಾಕ್ಷಿಗಳಲ್ಲಿ ಹೆಗಲೇರುವ ಮಗುವಿಗಿಂತ ಅವಳು ಬೇರೆ. ಅವಳಿಗೆ ಹೆಸರಿದೆ, ದಿನದ ದುಡಿಮೆಯಿದೆ, ಆಸೆಗಳಿವೆ. ಹೇನು, ಕಜ್ಜಿ, ಕೊಳೆತ ವಾಸನೆ ಯಾವುದನ್ನೂ ಉರ್ರೇಯಾ ಮುಚ್ಚಿಡುವುದಿಲ್ಲ. ಕೆಲವು ಕಡೆ ಈ ವಿವರಗಳು ಅತಿಯಾಗಿ, ಹೊಲಸೇ ಒಂದು ಪ್ರದರ್ಶನವಾಗುವ ಅಪಾಯವೂ ಇದೆ. ನಿರೂಪಕನ ಧೈರ್ಯದ ಮೇಲೆ ಬೆಳಕು ಹೆಚ್ಚು ಬೀಳುವ ಪುಟಗಳೂ ಇವೆ.

ಈ ಅಪಾಯದಿಂದ ಪುಸ್ತಕವನ್ನು ಕಾಪಾಡುವುದು ತಂದೆಯ ಸಾವಿನ ಅಧ್ಯಾಯ. ಮಗನ ಪದವಿಯ ಉಡುಗೊರೆಗೆಂದು ಹಣ ತರಲು ತಮ್ಮ ಊರಿಗೆ ಹೋಗಿದ್ದ ತಂದೆ, ವಾಪಸು ಬರುವಾಗ ಕಾರು ಅಪಘಾತಕ್ಕೆ ಸಿಕ್ಕಿ ತೀರಿಕೊಳ್ಳುತ್ತಾರೆ. ತಂದೆಯ ಶವ ಬಿಡಿಸಿಕೊಳ್ಳಲು ಮಗ ಅಲ್ಲಿಯ ಪೊಲೀಸರಿಗೆ ಹಣ ಕೊಡಬೇಕಾಗುತ್ತದೆ. ನೆರವು ಹೊತ್ತು ಗಡಿ ದಾಟುವ ಕೈ ಈ ಒಂದು ಅಧ್ಯಾಯದಲ್ಲಿ ಬೇಡುವ ಕೈಯಾಗುತ್ತದೆ. ಮಿಷನ್ ಟ್ರಿಪ್ಪಿನ ಸಾಕ್ಷಿಗಳಲ್ಲಿ ನಾನು ಎಂದೂ ಕಾಣದ ತಿರುವು ಇದು. ಅಲ್ಲಿ ಕೊಡುವ ಕೈ ಸದಾ ಮೇಲೆಯೇ ಇರುತ್ತದೆ.

ಉರ್ರೇಯಾ ಬಡವರಿಗೆ ಮಾತು ಕೊಟ್ಟರೆ, ಅವರ ಕೈಗೆ ಕಸುಬು ಕೊಟ್ಟು ಬರೆದವರು ವಾಸ್ತುಶಿಲ್ಪಿ ಟೆಡ್ಡಿ ಕ್ರೂಸ್. ಗ್ವಾಟೆಮಾಲಾದಲ್ಲಿ ಹುಟ್ಟಿ ಸ್ಯಾನ್ ಡಿಯೇಗೋದಲ್ಲಿ ಪಾಠ ಹೇಳುವ ಇವರು ತಿಹುವಾನಾದ ಗುಡ್ಡಗಳ ಮೇಲಿನ ಮನೆಗಳನ್ನು ನೋಡುವ ರೀತಿಯೇ ಬೇರೆ. ಕ್ಯಾಲಿಫೋರ್ನಿಯಾದವರು ಕಿತ್ತೆಸೆದ ಗ್ಯಾರೇಜು ಬಾಗಿಲುಗಳು ಅಲ್ಲಿ ಗೋಡೆಗಳಾಗುತ್ತವೆ. ಸವೆದ ಟೈರುಗಳು ಮಣ್ಣು ಕುಸಿಯದಂತೆ ತಡೆಗೋಡೆಗಳಾಗುತ್ತವೆ. ಆಚೆ ಕೆಡವಬೇಕಿದ್ದ ಹಳೆಯ ಮನೆಗಳು ಇಡಿಯಾಗಿ ಲಾರಿಯೇರಿ ಗಡಿ ದಾಟಿ ಬಂದು, ಕಬ್ಬಿಣದ ಕಂಬಗಳ ಮೇಲೆ ಕೂತು, ಕೆಳಗೆ ಅಂಗಡಿಗೋ ಇನ್ನೊಂದು ಕೋಣೆಗೋ ಜಾಗ ಬಿಟ್ಟುಕೊಡುತ್ತವೆ. ಕ್ರೂಸ್ ಅವರಿಗೆ ಇಲ್ಲಿ ಕಾಣುವುದು ನಿರ್ಗತಿಕರಲ್ಲ, ಮನೆ ಕಟ್ಟುವುದರಲ್ಲಿ ಪಳಗಿದ ಜನ. ಆದ್ದರಿಂದ ಅವರು ಸೂಚಿಸಿದ್ದು ಸಿದ್ಧ ಮನೆಯನ್ನಲ್ಲ. ಜನರೇ ತಮಗೆ ಬೇಕಾದಂತೆ ತುಂಬಿಸಿಕೊಳ್ಳಲು ಒಂದು ಗಟ್ಟಿಯಾದ ಲೋಹದ ಚೌಕಟ್ಟು ಕೊಡಿ, ಅಲ್ಲಿಯ ಕಾರ್ಖಾನೆಗಳಿಂದಲೇ ಅದನ್ನು ಮಾಡಿಸಿ ಎಂದರು.

ಇದನ್ನು ಓದಿದ ಮೇಲೆ ಸಾಕ್ಷಿಗಳಲ್ಲಿ ಕಾಣೆಯಾಗಿದ್ದ ದೊಡ್ಡ ಸಂಗತಿಯೊಂದು ಎದ್ದು ನಿಲ್ಲುತ್ತದೆ. ಅಮೆರಿಕದ ಕಟ್ಟಡ ಕೆಲಸದ ಬೆವರಿನಲ್ಲಿ ದೊಡ್ಡದೊಂದು ಪಾಲು ಮೆಕ್ಸಿಕೋದಂಥ ದೇಶಗಳಿಂದ ಹೋದವರದು. ಹಾಗಾದರೆ, ಎಂದೂ ಸುತ್ತಿಗೆ ಹಿಡಿಯದ ಸ್ಯಾನ್ ಡಿಯೇಗೋದ ಕಾಲೇಜು ಹುಡುಗ ಗಡಿ ದಾಟಿ ಬಂದು ಯಾರಿಗೆ ಮನೆ ಕಟ್ಟಿಕೊಡುತ್ತಿದ್ದಾನೆ? ಯಾರ ಅಣ್ಣ ತಮ್ಮಂದಿರು ಅವನ ಊರಿನ ಮನೆಗಳನ್ನು ಕಟ್ಟುತ್ತಿದ್ದಾರೋ ಅವರಿಗೆ. ಹುಡುಗನ ವ್ಯಾನು ದಕ್ಷಿಣಕ್ಕೆ ಸಲೀಸಾಗಿ ಸಾಗುತ್ತದೆ. ಅಣ್ಣ ಉತ್ತರಕ್ಕೆ ಹೋಗಲು ಪ್ರಾಣ ಪಣಕ್ಕಿಡಬೇಕು. ಈ ಬೇಲಿಯ ಬಗ್ಗೆ ಮಾತಾಡದ ಸಾಕ್ಷಿ ಅರ್ಧ ಸಾಕ್ಷಿ.

ತಿಹುವಾನಾದಿಂದ ನಮ್ಮ ಪುಣೆ ಮುಂಬಯಿಗಳಿಗೆ ಒಂದು ನೇರ ದಾರಿಯಿದೆ. 1990ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ದಂಪತಿ 'ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ' ಎಂಬ ಕ್ರೈಸ್ತ ಸಂಸ್ಥೆಯೊಂದಿಗೆ ಸೇರಿ ತಿಹುವಾನಾದಲ್ಲಿ 100 ಮನೆ ಕಟ್ಟಿಸಿದರು. ಅದೇ ದಂಪತಿ, ಅದೇ ಸಂಸ್ಥೆ 2006ರಲ್ಲಿ ಲೋನಾವಳದ ಹತ್ತಿರವೂ 100 ಮನೆಗಳಿಗೆ ಕೈಹಾಕಿದರು. 1976ರಲ್ಲಿ ಹುಟ್ಟಿದ ಈ ಸಂಸ್ಥೆಯ ಒಂದು ನಿಯಮ ನನಗೆ ಮುಖ್ಯವೆನಿಸುತ್ತದೆ: ಮನೆ ಪುಕ್ಕಟೆಯಲ್ಲ. ಪಡೆಯುವವರು ತಾವೂ ದುಡಿಯಬೇಕು, ಲಾಭವಿಲ್ಲದ ಸಾಲವನ್ನು ಕಂತಿನಲ್ಲಿ ತೀರಿಸಬೇಕು. ಸಾಲಗಾರನಿಗೆ ದೂರು ಹೇಳುವ ಹಕ್ಕಿದೆ, ದಾನ ಪಡೆದವನಿಗೆ ಇಲ್ಲ. ಮಾಡು ಸೋರಿದರೆ ಕಂತು ಕಟ್ಟುವವಳು ಕೇಳಬಲ್ಲಳು. ಉಡುಗೊರೆ ಪಡೆದವಳು ಪಾತ್ರೆ ಇಟ್ಟು ಸುಮ್ಮನಿರುತ್ತಾಳೆ. ಆದರೂ ಲೋನಾವಳವೆಂದಾಗ ಜನ ನೆನೆಯುವುದು ಮಾಜಿ ಅಧ್ಯಕ್ಷರನ್ನು. ಆ ಮನೆಗಳಲ್ಲಿ ಕಂತು ಕಟ್ಟುತ್ತ ಬಾಳಿದವರ ಕಥೆಯನ್ನು ನಾನು ಇನ್ನೂ ಎಲ್ಲೂ ಓದಿಲ್ಲ.

ಇದನ್ನೆಲ್ಲ ನಾನು ಪರದೇಶದ ವಿಷಯವೆಂದು ಬರೆಯುತ್ತಿಲ್ಲ. ನಾವೂ ವರ್ಷಕ್ಕೊಮ್ಮೆ ಊರಿಗೆ ಹೋಗಿ ಶಾಲೆಗೆ ಬಣ್ಣ ಹೊಡೆಸುತ್ತೇವೆ, ಗೋಡೆಯ ಕಲ್ಲಿನಲ್ಲಿ 'ದಾನಿಗಳು, ಮುಂಬಯಿ' ಎಂದು ಕೆತ್ತಿಸುತ್ತೇವೆ. ಕಂಪನಿಯವರು ಒಂದು ಶನಿವಾರ ಟೀ ಶರ್ಟು ಹಂಚಿ ಕರೆದೊಯ್ದರೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಆಮೇಲೆ ಬರೆಯುತ್ತೇವೆ, ಅದೇ ಅಚ್ಚಿನಲ್ಲಿ. ನಮ್ಮ ಬರಹಗಳಲ್ಲೂ ಆ ಶಾಲೆಯ ಮಕ್ಕಳು ನಗುತ್ತಾರೆ, ಮೇಷ್ಟ್ರು ಕೃತಜ್ಞತೆ ಹೇಳುತ್ತಾರೆ. ಬಣ್ಣಕ್ಕಿಂತ ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕಿತ್ತು ಎಂದು ಯಾರಾದರೂ ಹೇಳಿದ್ದರೂ ಅದು ನಮ್ಮ ಬರಹಕ್ಕೆ ಬರುವುದಿಲ್ಲ.

ಇಲಿಚ್ ಕೇಳಿದ್ದ ಷರತ್ತು, ಬೈಯಬಲ್ಲ ಬಡವರ ನಡುವೆ ಇರಿ ಎಂಬುದು, ಅಮೆರಿಕದ ಆ ವಿದ್ಯಾರ್ಥಿಗಳಿಗೆ ಕಷ್ಟದ್ದಾಗಿತ್ತು. ನಮಗೆ ಹಾಗಲ್ಲ. ನಾನಿರುವ ಪುಣೆಯಲ್ಲಿ ಏಳುತ್ತಿರುವ ಕಟ್ಟಡಗಳ ಬದಿಯ ಪತ್ರಾ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರಿದ್ದಾರೆ. ನಾವು ಕಂತು ಕಟ್ಟುವ ಫ್ಲ್ಯಾಟುಗಳನ್ನು ಕಟ್ಟಿದ ಕೈಗಳಲ್ಲಿ ಅವರವೂ ಇವೆ. ತಿಹುವಾನಾದ ಅಣ್ಣನ ಹಾಗೆ ಅವರೂ ಬೇರೆಯವರ ಊರಿನಲ್ಲಿ ಬೇರೆಯವರ ಮನೆ ಕಟ್ಟುತ್ತಾರೆ, ಕಟ್ಟಿ ಮುಗಿದ ಮೇಲೆ ಮುಂದಿನ ಸೈಟಿಗೆ ಹೋಗುತ್ತಾರೆ. ಮುಕಾದಮ ಹಣ ಹಿಡಿದಿಟ್ಟ ಸಿಟ್ಟನ್ನು, ಮಗುವಿನ ಜ್ವರವನ್ನು ಅವರು ಆಡಿಕೊಳ್ಳುವುದು ಕನ್ನಡದಲ್ಲಿ. ನಮಗೆ ಅನುವಾದಕ ಬೇಕಿಲ್ಲ. ಹೋಗಿ ಮಾತಾಡಿಸಿದರೆ ಅವರು ಕೃತಜ್ಞತೆ ಹೇಳಲಿಕ್ಕಿಲ್ಲ. ನಿಮಗೇನು ಕೆಲಸ ಇಲ್ಲಿ ಎಂದು ಕೇಳಬಹುದು. ಅದೂ ಒಂದು ಸಂಭಾಷಣೆಯೇ. ನಮ್ಮ ಬರವಣಿಗೆ ಅಲ್ಲಿಂದ ಶುರುವಾದರೆ, ಉರ್ರೇಯಾ ಬರೆದಂಥ ಪುಸ್ತಕವೊಂದು ಕನ್ನಡದಲ್ಲೂ ಬಂದೀತು.