ಇಂಗ್ಲಿಷ್ ವಾಕ್ಯದಲ್ಲಿ ಉದ್ದೇಶ್ಯದ ನಿರ್ಣಯ

ಇತಿಹಾಸದ ಅಧ್ಯಾಪಕನು ಇಂಗ್ಲಿಷ್ ವ್ಯಾಕರಣಕ್ಕೆ ಕೈಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೆ ನಮ್ಮ ವಿದ್ಯಾರ್ಥಿಗಳು ನೋಡಬೇಕಾದ ಆಧಾರಗಳಲ್ಲಿ ಎಷ್ಟೋ ಇಂಗ್ಲಿಷಿನಲ್ಲಿಯೇ ಇರುವುದರಿಂದ, ವಾಕ್ಯದ ಉದ್ದೇಶ್ಯ ಯಾವುದೆಂಬ ಪ್ರಶ್ನೆ ವೈಯಾಕರಣರಿಗೆ ಮಾತ್ರ ಸೇರಿದುದಲ್ಲ.

ಕ್ರಿಯಾಪದವು ಯಾವ ನಾಮಪದವನ್ನು ಅಥವಾ ಸರ್ವನಾಮವನ್ನು ಕುರಿತು ಹೇಳುತ್ತದೆಯೋ ಅದು ಸಿಂಪಲ್ ಸಬ್ಜೆಕ್ಟ್. ವಿಶೇಷಣಗಳೆಲ್ಲವೂ ಕೂಡಿದ ಪದಸಮೂಹವು ಕಂಪ್ಲೀಟ್ ಸಬ್ಜೆಕ್ಟ್. ಇವನ್ನು ಮೂಲ ಉದ್ದೇಶ್ಯ, ಪೂರ್ಣ ಉದ್ದೇಶ್ಯ ಎನ್ನೋಣ. ಈ ಲಕ್ಷಣದಲ್ಲಿ ದೋಷವಿಲ್ಲ, ದೋಷವಿರುವುದು ಬೋಧನೆಯಲ್ಲಿ.

‘ದಿ ಲೆಟರ್ಸ್ ಆಫ್ ದಿ ಗವರ್ನರ್ ಆರ್ ಇನ್ ಲಂಡನ್’ ಎಂಬುದರ ಮೂಲ ಉದ್ದೇಶ್ಯವೇನೆಂದರೆ, ತರಗತಿಯಲ್ಲಿ ಹಲವರು ‘ಗವರ್ನರ್’ ಎನ್ನುತ್ತಾರೆ. ಬರೆಯುವಾಗ ‘ಆರ್’ ಎಂಬುದನ್ನು ‘ಈಸ್’ ಮಾಡುತ್ತಾರೆ. ಇದನ್ನು ಅಜಾಗರೂಕತೆಯೆಂದು ಗದರಿಸುವುದು ಸುಲಭ. ನನಗೆ ತೋರುವಂತೆ ಇದು ಕನ್ನಡದ ನಡೆ. ‘ಗವರ್ನರನ ಪತ್ರಗಳು’ ಎಂಬಲ್ಲಿ ವಿಶೇಷಣ ಮೊದಲು, ತಿರುಳು ಕೊನೆಗೆ. ಇಂಗ್ಲಿಷಿನಲ್ಲಿ ‘ಆಫ್’ ಮೊದಲಾದವುಗಳಿಂದ ಹೊರಡುವ ಪದಗುಚ್ಛವು ತಿರುಳಿನ ಬಳಿಕ ಬರುತ್ತದೆ. ಗುಚ್ಛದ ಕೊನೆಯ ನಾಮಪದವನ್ನೇ ತಿರುಳೆಂದು ಹಿಡಿಯುವ ಕನ್ನಡದ ಕಣ್ಣು ಅಲ್ಲಿ ಮೋಸಹೋಗುತ್ತದೆ. ಎರಡು ವಾಕ್ಯಗಳನ್ನೂ ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸುವವರು ವಿರಳ. (‘ಎ ನಂಬರ್ ಆಫ್’ ಮೊದಲಾದ ಅಪವಾದಗಳು ಆಮೇಲಿನ ಪಾಠ.)

ಇದಕ್ಕಿಂತ ಗುರುತರವಾದ ತೊಡಕು ಪರಿಭಾಷೆಯದು. ಸಬ್ಜೆಕ್ಟ್ ಎಂದರೆ ‘ಕರ್ತೃ’, ಕೆಲಸ ಮಾಡುವವನು, ಎಂದು ಕಲಿಸುವ ರೂಢಿಯುಂಟು. ‘ಶ್ರೀರಂಗಪಟ್ಟಣ ವಾಸ್ ಟೇಕನ್ ಇನ್ 1799’ ಎಂಬಲ್ಲಿ ಸಬ್ಜೆಕ್ಟ್ ಶ್ರೀರಂಗಪಟ್ಟಣವೇ ಸರಿ. ಆದರೆ ಅದು ಮಾಡಿದುದೇನು? ಮೇ 4ರಂದು ಕೋಟೆಯನ್ನು ಹಿಡಿದುದು ಜನರಲ್ ಹ್ಯಾರಿಸನ ಕೈಕೆಳಗಿನ ಕಂಪನಿಯ ಸೈನ್ಯ, ಜೊತೆಗೆ ನಿಜಾಮನ ದಂಡು. ಇವರಾರೂ ಆ ವಾಕ್ಯದಲ್ಲಿಲ್ಲ. ನಮ್ಮ ವ್ಯಾಕರಣ ಪರಂಪರೆಯು ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು: ‘ಸೈನ್ಯದಿಂದ ಕೋಟೆಯು ಹಿಡಿಯಲ್ಪಟ್ಟಿತು’ ಎಂದರೂ ಕರ್ತೃ ಸೈನ್ಯವೇ, ವಿಭಕ್ತಿ ಬದಲಾದುದರಿಂದ ಕಾರಕ ಬದಲಾಗದು. ಆದುದರಿಂದ ಸಬ್ಜೆಕ್ಟಿಗೆ ‘ಕರ್ತೃ’ ಎಂಬ ಹೆಸರನ್ನು ಬಿಟ್ಟು ‘ಉದ್ದೇಶ್ಯ’ ಎಂಬುದನ್ನೇ ಬಳಸುವುದು ಯುಕ್ತ.

‘ದಿ ಫಾಲ್ ಆಫ್ ಶ್ರೀರಂಗಪಟ್ಟಣ’ ಎಂದು ಮೊದಲಾಗುವ ವಾಕ್ಯಗಳು ಇನ್ನೂ ಸೂಕ್ಷ್ಮ. ಮೂಲ ಉದ್ದೇಶ್ಯ ‘ಫಾಲ್’. ಕ್ರಿಯೆಯೇ ನಾಮಪದವಾಗಿ ಹೆಪ್ಪುಗಟ್ಟಿದೆ. ಪೂರ್ಣ ಉದ್ದೇಶ್ಯವನ್ನೆಲ್ಲ ಜಾಲಿಸಿದರೂ ಕೆಡವಿದವನು ಸಿಗನು. ಕೋಟೆ ತಾನಾಗಿ ಬಿತ್ತೆಂಬ ಭಾವನೆ ಉತ್ತರಪತ್ರಿಕೆಗಳಿಗೆ ಹರಿದುಬರುವುದು ಹೀಗೆಯೇ.

ಎರಡು ವರ್ಷಗಳಿಂದ ನಾನು ವಿದ್ಯಾರ್ಥಿಗಳಿಂದ ಎರಡು ಅಂಕಣಗಳನ್ನು ಎಳೆಸುತ್ತಿದ್ದೇನೆ: ಒಂದರಲ್ಲಿ ಮೂಲ ಉದ್ದೇಶ್ಯ, ಇನ್ನೊಂದರಲ್ಲಿ ಮಾಡಿದವನು. 1799ರ ಆ ವಾಕ್ಯಕ್ಕೆ ಎರಡನೆಯದು ಖಾಲಿ ಉಳಿಯಬೇಕು. ಮೊದಮೊದಲು ಖಾಲಿ ಬಿಡಲು ಅವರು ಅಂಜುತ್ತಿದ್ದರು. ಈಗ ಬಿಟ್ಟು, ಬೇರೆ ಪುಸ್ತಕ ಕೇಳುತ್ತಾರೆ.