ಬಾಲ್ಯದ ಗಾಯ: ರಹಸ್ಯಕಾದಂಬರಿಯಲ್ಲಿ ಮತ್ತು ವಡ್ಡಾರಾಧನೆಯಲ್ಲಿ

ಬಾಲ್ಯದಲ್ಲಿ ಒಂದು ಅನಾಹುತ, ಅದನ್ನು ಕಂಡ ಮೂರು ನಾಲ್ಕು ಗೆಳೆಯರು, ಹಲವು ವರ್ಷಗಳ ಮೌನ, ಆಮೇಲೆ ಒಂದು ಕೊಲೆ. ರಹಸ್ಯಕಾದಂಬರಿಗಳಲ್ಲಿ ಈ ಹಂದರ ಎಷ್ಟು ಸವೆದುಹೋಗಿದೆಯೆಂದರೆ, ಪಳಗಿದ ಓದುಗನು ಮೊದಲ ಅಧ್ಯಾಯದಲ್ಲಿಯೇ ಕೊನೆಯದನ್ನು ಊಹಿಸಬಲ್ಲನು. ಆದರೂ ಇಂತಹ ಕಥೆಗಳನ್ನು ಹೊತ್ತು ಕಳೆಯುವ ಸರಕೆಂದು ತಳ್ಳಿಹಾಕುವುದು ಉಚಿತವಲ್ಲ. ಹಿಂದೆ ನಡೆದುಹೋದದ್ದು ಮನುಷ್ಯನನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆ ಅವುಗಳ ಒಡಲಲ್ಲಿದೆ. ಬಂಧ, ಉದಯ, ನಿರ್ಜರೆಗಳ ಮಾತನ್ನು ಮನೆಯಲ್ಲಿಯೇ ಕೇಳಿ ಬೆಳೆದವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಈ ಬಗೆಯಲ್ಲಿ ಗಣನೀಯವಾದ ಕೃತಿ ಅಮೆರಿಕದ ಡೆನ್ನಿಸ್ ಲೆಹೇನನ ‘ಮಿಸ್ಟಿಕ್ ರಿವರ್’ (2001). ಕ್ಲಿಂಟ್ ಈಸ್ಟ್‌ವುಡ್ 2003ರಲ್ಲಿ ಇದನ್ನು ಚಲನಚಿತ್ರವಾಗಿಸಿದನು. 1975ರಲ್ಲಿ ಬಾಸ್ಟನ್ನಿನ ಬೀದಿಯೊಂದರಲ್ಲಿ ಜಿಮ್ಮಿ, ಷಾನ್, ಡೇವ್ ಎಂಬ ಮೂವರು ಹುಡುಗರಿದ್ದಾರೆ. ಪೊಲೀಸರ ಸೋಗಿನಲ್ಲಿ ಬಂದ ಇಬ್ಬರು ಡೇವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನಾಲ್ಕು ದಿನಗಳ ಅನಂತರ ಅವನು ತಪ್ಪಿಸಿಕೊಂಡು ಮರಳುತ್ತಾನೆ. ಅಲ್ಲಿ ನಡೆದುದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಕಾಲು ಶತಮಾನದ ಮೇಲೆ ಜಿಮ್ಮಿಯ ಮಗಳ ಕೊಲೆಯಾಗುತ್ತದೆ. ಷಾನ್ ಆ ಕೊಲೆಯ ತನಿಖೆ ನಡೆಸುವ ಪೊಲೀಸ್ ಅಧಿಕಾರಿ. ಅದೇ ರಾತ್ರಿ ಮೈಯೆಲ್ಲ ನೆತ್ತರಾಗಿ ಮನೆಗೆ ಬಂದವನು ಡೇವ್. ಸಂಶಯವನ್ನೇ ಸಾಕ್ಷ್ಯವೆಂದು ಬಗೆದ ಜಿಮ್ಮಿ ಬಾಲ್ಯದ ಗೆಳೆಯನನ್ನು ಕೈಯಾರೆ ಕೊಲ್ಲುತ್ತಾನೆ. ಆ ರಾತ್ರಿ ಡೇವ್ ಕೊಂದದ್ದು ಮಕ್ಕಳನ್ನು ಕೆಡಿಸುವ ಬೇರೊಬ್ಬನನ್ನು ಎಂಬುದೂ, ಹುಡುಗಿಯ ಹಂತಕರು ಬೇರೆಯವರೆಂಬುದೂ ತಡವಾಗಿ ತಿಳಿಯುತ್ತವೆ.

ಕಾದಂಬರಿಯ ಶಕ್ತಿ ಇರುವುದು ಒಂದು ಸೂಕ್ಷ್ಮದಲ್ಲಿ. ಡೇವನನ್ನು ಸಂಶಯಿಸುವವನು ಜಿಮ್ಮಿಯೊಬ್ಬನೇ ಅಲ್ಲ, ಓದುಗನೂ ಅವನನ್ನು ಸಂಶಯಿಸುತ್ತಾನೆ. ಪ್ರಾಣಹರಣಕ್ಕೆ ಮೊದಲೇ ಮನಸ್ಸಿನಲ್ಲಿ ನಡೆದುಹೋಗುವ ಭಾವಹಿಂಸೆಯಲ್ಲಿ ಓದುಗನು ಭಾಗಿಯಾಗುತ್ತಾನೆ. ಆದರೆ ಕೃತಿಯ ಕೊರತೆಯೂ ಇಲ್ಲಿಂದಲೇ ಹುಟ್ಟುತ್ತದೆ. ಪೀಡೆಗೊಳಗಾದ ಮಗುವಿನೊಳಗೆ ತೋಳವೊಂದು ಬೆಳೆಯುತ್ತಿದೆ ಎಂಬ ಭಯವನ್ನು ಲೇಖಕನು ಕೊನೆಯವರೆಗೂ ಕುತೂಹಲಕ್ಕೆ ಬಂಡವಾಳವಾಗಿಸುತ್ತಾನೆ. ಡೇವನಿಗೆ ತಪ್ಪಿಸಿಕೊಳ್ಳುವ ಬಾಗಿಲೊಂದನ್ನೂ ತೆರೆದಿಡುವುದಿಲ್ಲ. ಇದೇ ಜಾಡಿನ ಕಡಿಮೆ ದರ್ಜೆಯ ಬರಹಗಳಂತೂ ನೊಂದ ಮಗುವನ್ನೇ ನಾಳಿನ ಹಂತಕನೆಂದು ತೋರಿಸಿ ಕೈತೊಳೆದುಕೊಳ್ಳುತ್ತವೆ. ಇದು ಕಲೆಯ ದೋಷವಷ್ಟೇ ಅಲ್ಲ, ನೊಂದವರಿಗೆ ಎಸಗಿದ ಎರಡನೆಯ ಅನ್ಯಾಯ.

ಕನ್ನಡದಲ್ಲಿ ಇದಕ್ಕೆ ಸಮೀಪದ ಉದಾಹರಣೆ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಚಿತ್ರ. ಮಲ್ಪೆಯ ಕಡಲ ತೀರದ ಇಬ್ಬರು ಬಾಲ್ಯಸ್ನೇಹಿತರನ್ನು ಎಳವೆಯ ಒಂದು ಹಿಂಸಾಕೃತ್ಯ ಬೇರ್ಪಡಿಸುತ್ತದೆ. ದೊಡ್ಡವರಾದ ಮೇಲಿನ ಅವರ ಭೇಟಿ ಮತ್ತೆ ನೆತ್ತರಿಗೆ ದಾರಿಯಾಗುತ್ತದೆ. ಕಥೆ ಬೇರೆ ಬೇರೆಯವರ ಕಣ್ಣಿನಲ್ಲಿ ಸಾಗುವುದರಿಂದ ಇದನ್ನು ಅನೇಕಾಂತವೆಂದು ಕರೆಯುವ ಆಸೆ ಹುಟ್ಟಬಹುದು. ಆತುರ ಬೇಡ. ಅನೇಕಾಂತದಲ್ಲಿ ನೋಟವು ತನ್ನ ಮಿತಿಯನ್ನು ತಾನೇ ಅರಿತಿರುತ್ತದೆ. ಇಲ್ಲಿನ ಪಾತ್ರಗಳಿಗೆ ಆ ಅರಿವಿಲ್ಲ.

ಇನ್ನು ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆ. ಇದರ ಬೇರೂ ಎಳೆತನದ ಒಂದು ಅವಮಾನದಲ್ಲಿದೆ. ಕೌಶಾಂಬಿಯ ಪುರೋಹಿತನ ಮಕ್ಕಳಾದ ಅಗ್ನಿಭೂತಿ, ವಾಯುಭೂತಿಗಳು ತಂದೆಯ ಮುದ್ದಿನಲ್ಲಿ ಕಲಿಯದೆ ಉಳಿದು, ಅವನ ಮರಣಾನಂತರ ಪದವಿಯನ್ನು ಕಳೆದುಕೊಳ್ಳುತ್ತಾರೆ. ರಾಜಗೃಹದಲ್ಲಿದ್ದ ಸೋದರಮಾವ ಸೂರ್ಯಮಿತ್ರನು ಸಂಬಂಧವನ್ನು ಮರೆಮಾಚಿ, ಭಿಕ್ಷೆ ಬೇಡಿ ಉಣ್ಣಿಸಿ, ವಿದ್ಯೆ ಕಲಿಸುತ್ತಾನೆ. ಓದು ಮುಗಿದ ಮೇಲೆ ನಿಜ ಹೇಳುತ್ತಾನೆ. ಅಣ್ಣನು ಉಪಕಾರವೆಂದು ಬಗೆಯುತ್ತಾನೆ. ತಮ್ಮನು ತಿರಿದುಣ್ಣಿಸಿದ ಪಾಪಿಯೆಂದು ಹಗೆ ಕಟ್ಟುತ್ತಾನೆ. ಅನುಭವ ಒಂದೇ, ಮನೆ ಒಂದೇ, ಗುರು ಒಬ್ಬನೇ. ಬಂಧಕ್ಕೆ ಕಾರಣವಾದುದು ಘಟನೆಯಲ್ಲ, ಕಷಾಯ. ಲೆಹೇನನ ಮೂವರು ಹುಡುಗರಿಗೆ ದೊರೆಯದ ಆಯ್ಕೆ ಈ ಇಬ್ಬರಿಗೆ ದೊರೆಯಿತು.

ಮುಂದೆ ಮುನಿಯಾದ ಸೂರ್ಯಮಿತ್ರನನ್ನು ವಾಯುಭೂತಿ ನಿಂದಿಸುತ್ತಾನೆ. ಅಗ್ನಿಭೂತಿ ದೀಕ್ಷೆ ವಹಿಸುತ್ತಾನೆ. ಗಂಡನನ್ನು ಕಳೆದುಕೊಂಡ ಅತ್ತಿಗೆ ಮೈದುನನನ್ನು ದೂರಲು ಹೋಗಿ ಒದೆ ತಿನ್ನುತ್ತಾಳೆ. ಒದ್ದ ಕಾಲನ್ನೇ ಮುಂದಿನ ಭವದಲ್ಲಿ ತಿನ್ನುವೆನೆಂದು ನಿದಾನ ಮಾಡಿಕೊಳ್ಳುತ್ತಾಳೆ. ಇಲ್ಲಿಂದ ಕಥೆಗಾರನು ಕುತೂಹಲವನ್ನು ಕಾಯುವ ರೀತಿ ಯಾವ ರಹಸ್ಯಕಾದಂಬರಿಗೂ ಕಡಿಮೆಯಿಲ್ಲ. ಹಲವು ಕೀಳು ಜನ್ಮಗಳನ್ನು ದಾಟಿ ನಾಗಶ್ರೀ ಎಂಬ ಬಾಲಕಿಯಾಗಿ ಹುಟ್ಟಿದ ಆ ಜೀವ, ಓದದ ವೇದವನ್ನು ತುಂಬಿದ ಸಭೆಯಲ್ಲಿ ಓದಿ ಹೇಳುವ ಸಂದರ್ಭವನ್ನು ನೋಡಬೇಕು. ಕೊನೆಗೆ ಉಜ್ಜಯಿನಿಯ ಸುಕುಮಾರನಾದಾಗ, ತಾಯಿ ಯಶೋಭದ್ರೆಯು ಮಗನು ಮುನಿಗಳನ್ನು ಕಂಡರೆ ತಪಸ್ಸಿಗೆ ಹೋಗುವನೆಂಬ ಅಂಜಿಕೆಯಿಂದ ಅವನನ್ನು ಉಪ್ಪರಿಗೆಯಲ್ಲಿ ಮುಚ್ಚಿಡುತ್ತಾಳೆ. ಕಿವಿಗೆ ಬಿದ್ದ ಮುನಿಯ ಪಾಠದಿಂದ ಅವನಿಗೆ ಜಾತಿಸ್ಮರಣೆಯಾಗುತ್ತದೆ. ಹೆಣ್ಣುನರಿ ಮರಿಗಳೊಡನೆ ಕಾಲಿನಿಂದ ತಿನ್ನತೊಡಗಿದಾಗ ಅವನು ಹಗೆಯನ್ನು ಮರಳಿಸುವುದಿಲ್ಲ. ಸರಪಣಿ ಅಲ್ಲಿ ಕಡಿಯುತ್ತದೆ. ಶಾಂತಿನಾಥನು 1068ರಲ್ಲಿ ಇದೇ ವಸ್ತುವನ್ನು ‘ಸುಕುಮಾರಚರಿತೆ’ಯಾಗಿ ಹಾಡಿದುದು ಸಹಜವೇ ಆಗಿದೆ.

ಹುಲಿಹೈದರದ ಸೀಮೆಯವರಿಗೆ ಈ ಪರಂಪರೆ ದೂರದ್ದಲ್ಲ. ಕೊಪ್ಪಳ ಅಂದಿನ ಮಹಾತೀರ್ಥ ಕೊಪಣ. ‘ವರಾಂಗಚರಿತ’ದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನು ಮಾಡಿಸಿದನೆಂದು ಸಾರುವ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ವರಾಂಗನಾದರೂ ಮಲತಾಯಿಯ ಸಂಚಿನಿಂದ ಕಾಡುಪಾಲಾಗಿ, ಮರಳಿ ಬಂದಾಗ ಅವರನ್ನು ಕ್ಷಮಿಸಿದವನು.

ಇಷ್ಟಾದರೂ ನಮ್ಮ ಕಥೆಗಳನ್ನು ಓದುವ ರೀತಿಯಲ್ಲೊಂದು ಅಪಾಯವಿದೆ. ಕೆಡುಕಿಗೆ ಸಿಕ್ಕಿದ ಮಗುವಿಗೆ “ಪೂರ್ವಕರ್ಮ” ಎಂದು ಹೇಳಿ ಬಾಯಿ ಮುಚ್ಚಿಸುವವರು ಎಲ್ಲ ಸಮಾಜಗಳಲ್ಲಿಯೂ ಉಂಟು. ವಡ್ಡಾರಾಧನೆ ಅದಕ್ಕೆ ಆಧಾರ ಕೊಡುವುದಿಲ್ಲ. ಅಲ್ಲಿ ಭವಾವಳಿಯನ್ನು ಹೇಳುವವರು ಅವಧಿಜ್ಞಾನಿಗಳು. ಹೇಳುವುದು ಬಿಡುಗಡೆಗಾಗಿ, ದೂರುವುದಕ್ಕಲ್ಲ. ನೋಯಿಸಿದವನು ಕಟ್ಟಿಕೊಂಡ ಕರ್ಮ ನೊಂದವನ ಲೆಕ್ಕದಲ್ಲಿ ತೀರುವುದೂ ಇಲ್ಲ. ಡೇವನನ್ನು ಕೊಂದ ಚೂರಿಗಿಂತ ಮೊದಲು ಅವನನ್ನು ಕೊಂದದ್ದು, ನಾಲ್ಕು ದಿನಗಳ ಸಂಗತಿಯನ್ನು ಯಾರೂ ಕೇಳದೆ ಉಳಿದ ಮನೆ ಮತ್ತು ಬೀದಿ. 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಶಿಕ್ಷಾರ್ಹ. ವಿದ್ಯಾರ್ಥಿನಿಲಯ, ಪಾಠಶಾಲೆಗಳನ್ನು ನಡೆಸುವ ಬಸದಿಯ ಟ್ರಸ್ಟುಗಳು ಸಂಸ್ಥೆಯ ಮಾನದ ನೆಪದಲ್ಲಿ ಮೌನ ವಹಿಸುವಂತಿಲ್ಲ. ಯಶೋಭದ್ರೆ ಮಗನನ್ನು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದಳು. ಸುಕುಮಾರನು ಬಟ್ಟೆಗಳನ್ನು ಗಂಟುಹಾಕಿ, ಉಪ್ಪರಿಗೆಯ ಕಿಟಕಿಯಿಂದ ಇಳಿದುಹೋದನು.