ಬಂದ ದಾರಿಗೂ ಸುಂಕವುಂಟು

ಪಿಸಿಬಿ ಲೇಔಟ್ ಮಾಡುವವರಿಗೆಲ್ಲ ಗೊತ್ತಿರುವ ಒಂದು ಗಳಿಗೆ ಇದೆ. ಪಿನ್ನಿನಿಂದ ಪಿನ್ನಿಗೆ ಹಾಯ್ದಿದ್ದ ರ‍್ಯಾಟ್ಸ್‌ನೆಸ್ಟ್ ಎಳೆಗಳಲ್ಲಿ ಕೊನೆಯದೂ ಪರದೆಯಿಂದ ಮರೆಯಾಗಿರುತ್ತದೆ. ವಿನ್ಯಾಸದ ನಿಯಮಗಳನ್ನು ತಪಾಸಣೆ ಮಾಡುವ ಡಿಆರ್‌ಸಿ ಓಡಿಸಿದರೆ ತಪ್ಪುಗಳು ಸೊನ್ನೆ, ಜೋಡಣೆಯಾಗದ ಪಿನ್ನುಗಳು ಸೊನ್ನೆ. ಗರ್ಬರ್ ಫೈಲುಗಳನ್ನು ಜಿಪ್ ಮಾಡಿ ಫ್ಯಾಬ್‌ಗೆ ಕಳಿಸಿಬಿಡೋಣ ಅನ್ನಿಸುವುದು ಆಗಲೇ. ಆ ಸೊನ್ನೆಯನ್ನು ಎಲ್ಲಿಯವರೆಗೆ ನಂಬಬಹುದು ಎಂಬುದು ಈ ವಾರದ ವಿಷಯ. ನನ್ನ ವಾದ ಇಷ್ಟು: ಡಿಆರ್‌ಸಿ ಹೇಳುವುದು ಎರಡೇ ಸಂಗತಿ. ಈ ಬೋರ್ಡನ್ನು ಕಾರ್ಖಾನೆ ಮಾಡಿಕೊಡಬಲ್ಲದು, ಸ್ಕೀಮ್ಯಾಟಿಕ್‌ನಲ್ಲಿದ್ದ ಜೋಡಣೆಯೆಲ್ಲ ತಾಮ್ರದಲ್ಲೂ ಇದೆ. ಆದರೆ ಸರ್ಕ್ಯೂಟ್ ನೆಮ್ಮದಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕರೆಂಟು ಹಿಂತಿರುಗುವ ದಾರಿ. ಆ ದಾರಿಯನ್ನು ಲೇಔಟ್ ತಂತ್ರಾಂಶ ಯಾವ ಲೇಯರಿನಲ್ಲೂ ಬರೆದು ತೋರಿಸುವುದಿಲ್ಲ. ಅದನ್ನು ವಿನ್ಯಾಸ ಮಾಡುವವರೇ ಮನಸ್ಸಿನಲ್ಲಿ ಎಳೆದುಕೊಳ್ಳಬೇಕು. ಅದೂ ರೌಟಿಂಗ್ ಶುರುವಾದ ಮೇಲಲ್ಲ, ಬಿಡಿಭಾಗಗಳನ್ನು ಅವುಗಳ ಜಾಗಕ್ಕೆ ಕೂರಿಸುವಾಗ.

ತಂತ್ರಾಂಶದಿಂದ ಆಗಿರುವ ಉಪಕಾರ ಸಣ್ಣದಲ್ಲ. ಹಿಂದೆ ಪಾರದರ್ಶಕ ಮೈಲಾರ್ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ, ನಿಜವಾದ ಅಳತೆಯ ಎರಡು ಅಥವಾ ನಾಲ್ಕು ಪಟ್ಟು ದೊಡ್ಡದಾಗಿ ಆರ್ಟ್‌ವರ್ಕ್ ಮಾಡಿ, ಫೋಟೊ ತೆಗೆದು ಕುಗ್ಗಿಸುತ್ತಿದ್ದರು. ಒಂದು ಗೆರೆ ತಪ್ಪಿದರೆ ಟೇಪು ಕಿತ್ತು ಮತ್ತೆ ಅಂಟಿಸಬೇಕು. ಜೋಡಣೆ ಸರಿಯಿದೆಯೇ ಎಂದು ಒಂದೊಂದನ್ನೇ ಗುರುತು ಹಾಕುತ್ತ ತಾಳೆ ನೋಡಬೇಕು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ವಾಲ್ಟರ್ ಬಾಸ್‌ಹಾರ್ಟ್ ಅವರ ಪಿಸಿಬಿ ಪುಸ್ತಕ ಆ ಕಾಲದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಇಡಿಟಿ ಹೆಸರಿನ ಮಾಲೆಯಲ್ಲಿ 1983ರಲ್ಲಿ ಅದು ಬಂತು. ಇಂದು ಅಷ್ಟೂ ತಾಳೆ ನೋಡುವ ಕೆಲಸ ಕೆಲವು ಸೆಕೆಂಡುಗಳದ್ದು. ಫ್ರಾನ್ಸಿನ ಜಾನ್-ಪಿಯರ್ ಶರಾ 1992ರಲ್ಲಿ ಆರಂಭಿಸಿದ ಕೀಕ್ಯಾಡ್ ಲೇಔಟ್ ತಂತ್ರಾಂಶ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಮುಂದೆ ಜಿನೀವಾದ ಸರ್ನ್ ಪ್ರಯೋಗಾಲಯವೂ ಕೈಜೋಡಿಸಿದ್ದರಿಂದ, ಗೆರೆ ಎಳೆಯುತ್ತ ಹೋದಂತೆ ಅಕ್ಕಪಕ್ಕದ ಗೆರೆಗಳು ತಾವೇ ಸರಿದು ದಾರಿ ಬಿಡುವ ಸೊಗಸಾದ ರೌಟರ್ ಅದರಲ್ಲಿದೆ. ಆದರೆ ಈ ತಂತ್ರಾಂಶಗಳೆಲ್ಲ ನಿಂತಿರುವುದು ನೆಟ್‌ಲಿಸ್ಟ್ ಎಂಬ ಒಂದೇ ಕಲ್ಪನೆಯ ಮೇಲೆ. ನೆಟ್ ಎಂದರೆ ಒಟ್ಟಿಗೆ ಸೇರಬೇಕಾದ ಪಿನ್ನುಗಳ ಪಟ್ಟಿ, ಅಷ್ಟೇ. ಈ ಪಿನ್ನು ಆ ಪಿನ್ನಿಗೆ ಸೇರಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ, ಯಾವ ದಾರಿಯಲ್ಲಿ ಸೇರಿದೆ ಎಂಬುದಕ್ಕಿಲ್ಲ. ಸ್ಕೀಮ್ಯಾಟಿಕ್‌ನಲ್ಲಿ ಮೂವತ್ತು ಕಡೆ ಹಾಕಿದ ಗ್ರೌಂಡ್ ಚಿಹ್ನೆಗಳು ತಂತ್ರಾಂಶದ ಲೆಕ್ಕದಲ್ಲಿ ಒಂದೇ ಬಿಂದು. ತಾಮ್ರದ ಮೇಲೆ ಅವು ಮೂವತ್ತು ಬೇರೆ ಬೇರೆ ಜಾಗಗಳು.

ಇದರ ಬೆಲೆ ಎಷ್ಟು ಎಂದು ತಿಳಿಯಲು 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಸಾಮಾನ್ಯ ಬಕ್ ಕನ್ವರ್ಟರನ್ನು ಹತ್ತಿರದಿಂದ ನೋಡೋಣ. ಐಸಿಯೊಳಗಿನ ಸ್ವಿಚ್ ಆನ್ ಆದಾಗ ಇನ್‌ಪುಟ್ ಕೆಪಾಸಿಟರಿನಿಂದ ಐಸಿಯ ಮೂಲಕ ಹರಿದು ಗ್ರೌಂಡಿಗೆ ಮರಳುವ ಸುತ್ತಿನಲ್ಲಿ ಕರೆಂಟು ಸೊನ್ನೆಯಿಂದ 2 ಆಂಪಿಯರಿಗೆ ಜಿಗಿಯುತ್ತದೆ. ಈ ಜಿಗಿತಕ್ಕೆ 5 ನ್ಯಾನೊಸೆಕೆಂಡು ಎಂದು ಇಟ್ಟುಕೊಳ್ಳಿ. ಕೆಪಾಸಿಟರನ್ನು ಐಸಿಯ ಪಿನ್ನಿಗೆ ತಾಗಿದಂತೆ ಇಡುವ ಬದಲು, ಕನೆಕ್ಟರಿಗೆ ಜಾಗ ಬೇಕೆಂದು ಒಂದು ಸೆಂಟಿಮೀಟರ್ ಆಚೆ ಇಟ್ಟಿದ್ದೇವೆ. ಓಮ್ ನಿಯಮ ಮಾತ್ರ ಕಲಿತವರು ಲೆಕ್ಕ ಹಾಕಿದರೆ ಏನೂ ತೊಂದರೆ ಕಾಣುವುದಿಲ್ಲ. 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ 1 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಉದ್ದದ ಗೆರೆಯ ರೆಸಿಸ್ಟೆನ್ಸ್ ಸುಮಾರು 5 ಮಿಲಿಓಮ್. 2 ಆಂಪಿಯರಿಗೆ ನಷ್ಟ 10 ಮಿಲಿವೋಲ್ಟ್. ಆದರೆ ಹೋಗುವ ಗೆರೆ, ಬರುವ ಗೆರೆ ಸೇರಿ ಆ ಸುತ್ತಿಗೆ 10 ನ್ಯಾನೊಹೆನ್ರಿಯಷ್ಟು ಇಂಡಕ್ಟನ್ಸ್ ಸಲೀಸಾಗಿ ಬಂದುಬಿಡುತ್ತದೆ. ಇಂಡಕ್ಟನ್ಸನ್ನು ಕರೆಂಟು ಬದಲಾಗುವ ವೇಗದಿಂದ ಗುಣಿಸಿ: 4 ವೋಲ್ಟ್. 12 ವೋಲ್ಟಿನ ಸರ್ಕ್ಯೂಟಿನಲ್ಲಿ ಪ್ರತಿ ಸ್ವಿಚಿಂಗಿಗೂ 4 ವೋಲ್ಟಿನ ಮುಳ್ಳು ಎದ್ದು, ಅದರ ಹಿಂದೆಯೇ ರಿಂಗಿಂಗ್ ಬರುತ್ತದೆ. ಐಸಿಯ ತಾಳಿಕೆಯ ಮಿತಿಗೆ ಅದು ಹತ್ತಿರವಾಗಬಹುದು, ಪಕ್ಕದ ಎಡಿಸಿ ಓದುವ ಅಂಕಿಗಳು ಕುಣಿಯಬಹುದು. ಹತ್ತಿರ ಇಟ್ಟಾಗಲೂ ದೂರ ಇಟ್ಟಾಗಲೂ ಡಿಆರ್‌ಸಿ ಕೊಡುವುದು ಅದೇ ಸೊನ್ನೆ. ಈ ತಪ್ಪು ನಡೆದದ್ದು ಒಂದು ಗೆರೆಯನ್ನೂ ಎಳೆಯುವ ಮೊದಲೇ, ಕೀಕ್ಯಾಡ್‌ನಲ್ಲಿ ಎಮ್ ಕೀಲಿ ಒತ್ತಿ ಕೆಪಾಸಿಟರನ್ನು ಆಚೆ ಸರಿಸಿದಾಗ. ಆಮೇಲೆ ಎಷ್ಟು ಅಗಲದ ಗೆರೆ ಎಳೆದರೂ ಅದು ಪೂರ್ತಿ ಸರಿಹೋಗುವುದಿಲ್ಲ.

ಗ್ರೌಂಡ್ ವಿಷಯದಲ್ಲಿ ತಂತ್ರಾಂಶದ ಚಿತ್ರ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಎರಡು ಲೇಯರಿನ ಬೋರ್ಡಿನ ಕೆಳಭಾಗವನ್ನು ಪೂರ್ತಿ ಗ್ರೌಂಡ್ ತಾಮ್ರದಿಂದ ತುಂಬಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬಹಳ ಕಡೆ ಇದೆ. ಕೆಲವೇ ಕಿಲೊಹರ್ಟ್ಸ್ ಇರುವವರೆಗೆ ಹಿಂತಿರುಗುವ ಕರೆಂಟು ರೆಸಿಸ್ಟೆನ್ಸ್ ಕಡಿಮೆ ಇರುವ ಕಡೆ ಹರಡಿಕೊಂಡು ಹೋಗುತ್ತದೆ. ಮೆಗಾಹರ್ಟ್ಸ್ ಮಟ್ಟಕ್ಕೆ ಏರಿದಾಗ ಅದು ಹುಡುಕುವುದು ಇಂಡಕ್ಟನ್ಸ್ ಕಡಿಮೆ ಇರುವ ದಾರಿಯನ್ನು, ಅಂದರೆ ಸಿಗ್ನಲ್ ಗೆರೆಯ ನೇರ ಕೆಳಗೆ, ಗೆರೆ ತಿರುಗಿದ ಕಡೆಯಲ್ಲೆಲ್ಲ ತಾನೂ ತಿರುಗುತ್ತ. ಈಗ ಮೇಲೆ ಜಾಗ ಸಾಲದೆ ಕೆಳಗಿನ ಲೇಯರಿನಲ್ಲಿ ಬೋರ್ಡಿನ ಈ ಬದಿಯಿಂದ ಹೆಚ್ಚುಕಡಿಮೆ ಆ ಬದಿಯವರೆಗೆ ಒಂದು ಉದ್ದ ಗೆರೆ ಎಳೆದಿದ್ದೀರಿ. ಬಿ ಕೀಲಿ ಒತ್ತಿದೊಡನೆ ಕೀಕ್ಯಾಡ್ ಗ್ರೌಂಡನ್ನು ಮತ್ತೆ ತುಂಬುತ್ತದೆ. ಆ ಗೆರೆಯ ಎರಡೂ ಪಕ್ಕ ತೆರಪು ಬಿಟ್ಟು, ಉಳಿದ ಕಡೆಯೆಲ್ಲ ಬಣ್ಣ ಹರಡಿಕೊಂಡು ನೋಡಲು ತುಂಬಿದಂತೆಯೇ ಕಾಣುತ್ತದೆ. ಗೆರೆಯ ತುದಿಯಲ್ಲಿ ಉಳಿದ ಕಿರಿದಾದ ಪಟ್ಟಿಯಿಂದ ಗ್ರೌಂಡಿನ ಎರಡು ಹೋಳೂ ಸೇರಿರುವುದರಿಂದ ನೆಟ್ ಒಂದೇ, ತಪ್ಪು ಸೊನ್ನೆ. ಆದರೆ ಆ ಸೀಳಿನ ಮೇಲೆ ಹಾಯುವ ಪ್ರತಿ ವೇಗದ ಸಿಗ್ನಲಿನ ಮರಳುವ ಕರೆಂಟೂ ತುದಿಯವರೆಗೆ ಹೋಗಿ, ಸುತ್ತಿ, ಆಚೆ ಬದಿಯಲ್ಲಿ ಅಷ್ಟೇ ದೂರ ವಾಪಸು ಬರಬೇಕು. ಸುತ್ತು ಹಿಗ್ಗಿದಷ್ಟೂ ಅದು ಆಂಟೆನಾ ಆಗುತ್ತದೆ. ಎಂಟು ಗೆರೆಗಳು ಒಂದೇ ಸೀಳನ್ನು ದಾಟಿದರೆ ಎಂಟರ ಕರೆಂಟೂ ಅದೇ ಇಕ್ಕಟ್ಟಿನಲ್ಲಿ ಒತ್ತಿಕೊಂಡು ಬರುವುದರಿಂದ ಒಂದರ ಗದ್ದಲ ಇನ್ನೊಂದಕ್ಕೆ ಅಂಟುತ್ತದೆ.

ನಮ್ಮದು ಸೆಕೆಂಡಿಗೊಮ್ಮೆ ಎಲ್‌ಇಡಿ ಮಿನುಗಿಸುವ ಬೋರ್ಡು, ತೋಟದ ಪಂಪು ನಡೆಸುವ ಬೋರ್ಡು, ನಮಗೇಕೆ ಮೆಗಾಹರ್ಟ್ಸ್ ಚಿಂತೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿ ಎಣಿಕೆಗೆ ಬರುವುದು ಸಿಗ್ನಲ್ ಎಷ್ಟು ಸಲ ಬದಲಾಗುತ್ತದೆ ಎಂಬುದಲ್ಲ, ಬದಲಾಗುವಾಗ ಎಷ್ಟು ಬೇಗ ಏರುತ್ತದೆ ಎಂಬುದು. ಇಂದಿನ ಮೈಕ್ರೊಕಂಟ್ರೋಲರಿನ ಪಿನ್ನು 2 ನ್ಯಾನೊಸೆಕೆಂಡಿನಲ್ಲಿ ಏರಬಲ್ಲದು. 0.35ನ್ನು ಆ ಕಾಲದಿಂದ ಭಾಗಿಸುವ ರೂಢಿಯ ಸೂತ್ರ ಹಾಕಿದರೆ ಅದರೊಳಗಿನ ಅಂಶಗಳು 175 ಮೆಗಾಹರ್ಟ್ಸ್‌ವರೆಗೆ ಹೋಗುತ್ತವೆ, ಎಲ್‌ಇಡಿ ಗಂಟೆಗೊಮ್ಮೆ ಮಿನುಗಿದರೂ. ಸಾಧನ ಹೊರಸೂಸುವ ರೇಡಿಯೊ ಗದ್ದಲವನ್ನು ಪರೀಕ್ಷಾಲಯದಲ್ಲಿ ಅಳೆಯಲು ಶುರುಮಾಡುವುದೇ 30 ಮೆಗಾಹರ್ಟ್ಸ್‌ನಿಂದ. ನಿಧಾನದ ಕೆಲಸಕ್ಕೆ ವೇಗದ ಅಂಚು ಬೇಡವೆಂದಾದರೆ ಬಹಳಷ್ಟು ಮೈಕ್ರೊಕಂಟ್ರೋಲರುಗಳಲ್ಲಿ ಪಿನ್ನಿನ ವೇಗವನ್ನು ಪ್ರೋಗ್ರಾಮಿನಲ್ಲೇ ತಗ್ಗಿಸಬಹುದು, ಅಥವಾ ಪಿನ್ನಿನ ಪಕ್ಕದಲ್ಲೇ ಒಂದು ಸಣ್ಣ ರೆಸಿಸ್ಟರನ್ನು ಸಾಲಾಗಿ ಸೇರಿಸಬಹುದು. ಪಂಪಿನ ಬೋರ್ಡಿನಲ್ಲಂತೂ ರಿಲೇ, ಮೋಟಾರಿನ ಗದ್ದಲ ಹೊರಗಿನಿಂದಲೇ ಬರುತ್ತದೆ. ಹೊರಸೂಸಲು ಅನುಕೂಲವಾದ ದೊಡ್ಡ ಸುತ್ತು ಒಳಗೆಳೆದುಕೊಳ್ಳಲೂ ಅಷ್ಟೇ ಅನುಕೂಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆಟೊರೌಟರುಗಳ ಪರವಾಗಿ ಬರುತ್ತದೆ: ಯಂತ್ರಕ್ಕೆ ನಿಯಮ ಕೊಟ್ಟರೆ ಮನುಷ್ಯನಿಗಿಂತ ಚೆನ್ನಾಗಿ ಎಳೆಯುತ್ತದೆ, ಕೃತಕ ಬುದ್ಧಿಮತ್ತೆ ಸೇರಿದರೆ ಕೈಕೆಲಸ ಯಾಕೆ ಬೇಕು? ಒಂದು ಮಟ್ಟಿಗೆ ಇದು ನಿಜ. ನೂರಾರು ಸೋಲ್ಡರ್ ಗುಂಡುಗಳಿರುವ ಬಿಜಿಎ ಚಿಪ್ಪನ್ನು, ಉದ್ದ ಸರಿಹೊಂದಿಸಬೇಕಾದ ಡಿಡಿಆರ್ ಮೆಮೊರಿ ಗೆರೆಗಳನ್ನು ಯಂತ್ರದ ನೆರವಿಲ್ಲದೆ ಮಾಡಹೊರಡುವುದು ಹಟಮಾರಿತನ. ಕೀಬೋರ್ಡಿನ ಅಡ್ಡ ಉದ್ದ ಸಾಲುಗಳಂಥ ನಿಧಾನದ ಜಾಲವನ್ನು ಫ್ರೀರೌಟಿಂಗ್ ಎಂಬ ಆಟೊರೌಟರಿಗೆ ಒಪ್ಪಿಸಿದರೆ ಯಾವ ನಷ್ಟವೂ ಇಲ್ಲ. ಆದರೆ ಇಂಥ ರೌಟರುಗಳು ಉಳಿಸಲು ನೋಡುವುದು ಗೆರೆಯ ಉದ್ದವನ್ನು, ವಯಾಗಳ ಸಂಖ್ಯೆಯನ್ನು. ಹಿಂತಿರುಗುವ ದಾರಿ ಅವುಗಳ ಲೆಕ್ಕದ ಪುಸ್ತಕದಲ್ಲಿ ಇಲ್ಲ. ಕೆಳಗಿನ ಲೇಯರು ಖಾಲಿಯಿದ್ದರೆ ಅವು ಅಲ್ಲಿಗೆ ನುಗ್ಗುತ್ತವೆ, ನಾವು ಗ್ರೌಂಡಿಗೆಂದು ಇಟ್ಟುಕೊಂಡ ಜಾಗವನ್ನು ಹತ್ತು ಕಡೆ ಸೀಳುತ್ತವೆ. ಮುಂದೆ ಆ ಲೆಕ್ಕವನ್ನೂ ಮಾಡುವ ತಂತ್ರಾಂಶ ಎಲ್ಲರ ಕೈಗೆ ಸಿಗಬಹುದು, ಸಿಗಲಿ. ಆಗಲೂ ಈ ಬೋರ್ಡಿನಲ್ಲಿ ಯಾವ ಸುತ್ತು ಮುಖ್ಯ, ಯಾವುದು ಗೌಣ ಎಂದು ಹೇಳುವವರು ಬೇಕು. ಆ ಮಾತು ನೆಟ್‌ಲಿಸ್ಟಿನಲ್ಲಿ ಇರುವುದಿಲ್ಲ. ಇರುವುದು ಡೇಟಾಶೀಟಿನ ಕೊನೆಯ ಕಡೆ ಬರುವ ಲೇಔಟ್ ಪುಟದಲ್ಲಿ, ಎಲ್ಲರೂ ಓದದೆ ಮಗುಚಿಹಾಕುವ ಪುಟದಲ್ಲಿ.

ನಾಲ್ಕು ಲೇಯರಿಗೆ ಹೋದರೆ ಈ ತಾಪತ್ರಯ ಬಹುತೇಕ ತೀರುತ್ತದಲ್ಲ ಎಂದರೆ, ಹೌದು, ಹಣವಿದ್ದರೆ ಹಾಗೇ ಮಾಡಿ ಎಂದೇ ನನ್ನ ಸಲಹೆ. 1.6 ಮಿಲಿಮೀಟರ್ ದಪ್ಪದ ಎರಡು ಲೇಯರಿನ ಬೋರ್ಡಿನಲ್ಲಿ ಗೆರೆಗೂ ಗ್ರೌಂಡಿಗೂ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಅಂತರ. ನಾಲ್ಕು ಲೇಯರಿನಲ್ಲಿ ಎರಡನೆಯದನ್ನು ಗ್ರೌಂಡ್ ಮಾಡಿದರೆ ಅದು 0.2 ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಅಷ್ಟರ ಮಟ್ಟಿಗೆ ಸುತ್ತಿನ ವಿಸ್ತೀರ್ಣ ಏಳೆಂಟು ಪಟ್ಟು ಕಡಿಮೆ. ಗೆರೆಯ ಇಂಪೀಡೆನ್ಸ್ 50 ಓಮ್ ಬೇಕೆಂದರೆ ಎರಡು ಲೇಯರಿನ ಬೋರ್ಡಿನಲ್ಲಿ ಸುಮಾರು 3 ಮಿಲಿಮೀಟರ್ ಅಗಲದ ಗೆರೆ ಬೇಕು, ನಾಲ್ಕು ಲೇಯರಿನದರಲ್ಲಿ 0.4 ಮಿಲಿಮೀಟರಿಗಿಂತ ಕಡಿಮೆ ಸಾಕು. ಆದರೂ ಬಕ್ ಕನ್ವರ್ಟರಿನ ಕೆಪಾಸಿಟರನ್ನು ದೂರ ಇಟ್ಟ ತಪ್ಪನ್ನು ನಾಲ್ಕು ಲೇಯರೂ ಪೂರ್ತಿ ಮನ್ನಿಸುವುದಿಲ್ಲ. ಕಾಲೇಜಿನ ಪ್ರಾಜೆಕ್ಟಿನಲ್ಲೋ ಸಣ್ಣ ಉದ್ಯಮದಲ್ಲೋ ಎರಡೇ ಲೇಯರಿಗೆ ಹಣ ಇರುವವರು ಕೆಳಗಿನ ತಾಮ್ರವನ್ನು ಗ್ರೌಂಡಿಗೇ ಮೀಸಲಿಟ್ಟು, ಗೆರೆಗಳನ್ನು ಮೇಲೆಯೇ ಒಯ್ದು, ದಾಟಲೇಬೇಕಾದ ಕಡೆ ಮಾತ್ರ ಕೆಳಗಿಳಿದು ಕೆಲವು ಮಿಲಿಮೀಟರಿನೊಳಗೆ ಮೇಲೆ ಬಂದರೆ ಸಾಕಷ್ಟು ಒಳ್ಳೆಯ ಬೋರ್ಡು ಆಗುತ್ತದೆ. ಗರ್ಬರ್ ಕಳಿಸುವ ಮುನ್ನ ಮಿಕ್ಕೆಲ್ಲ ಲೇಯರುಗಳನ್ನು ಮರೆಮಾಡಿ ಕೆಳಗಿನ ತಾಮ್ರವೊಂದನ್ನೇ ನೋಡಿ. ವೇಗದ ಗೆರೆಯೊಂದರ ಕೆಳಗೆ ಸೀಳು ಕಂಡರೆ ಗೆರೆಯನ್ನು ಆಚೀಚೆ ತಳ್ಳಿ ಹೆಣಗುವ ಬದಲು ರೌಟಿಂಗನ್ನು ಅಳಿಸಿ, ಐಸಿಯನ್ನು 90 ಡಿಗ್ರಿ ತಿರುಗಿಸಿ ನೋಡಿ. ಕೆಳಗಿಳಿದಿದ್ದ ಗೆರೆಗಳಲ್ಲಿ ಎಷ್ಟೋ ಆಗ ಮೇಲೆಯೇ ನೇರವಾಗಿ ಹೋಗುತ್ತವೆ.